ಬಳಸದ ಹದಿನಾರು ಸುತ್ತುಗಳು

ಭಾವನವರಿಗೆ ನಿಮ್ಮ ನಾದಿನಿಯ ನಮಸ್ಕಾರಗಳು.

ಪೆಟ್ಟಿಗೆ ಜೋಪಾನವಾಗಿ ತಲುಪಿತು. ರೇಡಿಯೋ ಮಾತಿಗೆ ಬಲ ತುಂಬುವ ನಿಮ್ಮ ಆಂಪ್ಲಿಫೈಯರ್ ಈಗ ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲಿದೆ. ಫ್ಯಾನು ತಿರುಗುತ್ತಿಲ್ಲ, ನೋಡು ಎಂದು ಬರೆದಿದ್ದಿರಿ. ಹತ್ತು ನಿಮಿಷದ ಕೆಲಸ, ಆಯಿತು.

ಆದರೆ ಅದಕ್ಕೆ ಮುಚ್ಚಳ ತೆಗೆಯಬೇಕಾಯಿತು. ಹದಿನೆಂಟು ವರ್ಷದ ಹಿಂದಿನ ಆ ಭಾನುವಾರ ಬೆಳಿಗ್ಗೆ ಇದೇ ಪೆಟ್ಟಿಗೆಯಲ್ಲಿ ಚಟ್ ಎಂದು ಕಿಡಿ ಹಾರಿ ಹೊಗೆ ಎದ್ದಾಗ ಮೈಕು ನನ್ನ ಕೈಯಲ್ಲಿತ್ತು. ನನಗೆ ಹವ್ಯಾಸಿ ರೇಡಿಯೋ ಪರವಾನಗಿ ಬಂದು ಹದಿಮೂರು ದಿನವಾಗಿತ್ತು. ನೀವು ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಓಡಿ ಬಂದಿರಿ. "ಮಾತಾಡ್ತಾನೇ ಬ್ಯಾಂಡ್ ಸ್ವಿಚ್ ತಿರುಗಿಸಿದ್ಯಲ್ಲ, ತಲೆ ಎಲ್ಲಿಟ್ಟಿದ್ದೆ?" ಎಂದಿರಿ. "ನಾನು ಸ್ವಿಚ್ ಮುಟ್ಟೇ ಇಲ್ಲ ಭಾವ" ಎಂದೆ. ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಆಂಪ್ಲಿಫೈಯರ್ ಬೇಡದ ಸಣ್ಣ ಸೆಟ್ಟು ಹಚ್ಚಿ, ಪ್ರತಿ ಭಾನುವಾರ ರೇಡಿಯೋದಲ್ಲಿ ಸೇರುವ ಹದಿನೇಳು ಗೆಳೆಯರಿಗೂ ಕೇಳುವಂತೆ ನನ್ನ ಪ್ರತಾಪ ಸಾರಿದಿರಿ. ಅವರು ನನಗೆ 'ಹೊಗೆರಾಣಿ' ಎಂದು ಹೆಸರಿಟ್ಟರು. ಎರಡು ತಿಂಗಳು ನಕ್ಕು ಸಹಿಸಿಕೊಂಡೆ. ಆಮೇಲೆ ಮೈಕು ಮುಟ್ಟಲಿಲ್ಲ. ಪರವಾನಗಿಯನ್ನು ಮಾತ್ರ ಯಾಕೋ ತಪ್ಪದೆ ನವೀಕರಿಸುತ್ತ ಬಂದಿದ್ದೇನೆ.

ಈಗ ಕಂಡದ್ದನ್ನು ಹೇಳುತ್ತೇನೆ. ತರಂಗಾಂತರ ಬದಲಿಸುವ ಆ ಸ್ವಿಚ್ಚನ್ನು ಮಾತಿನ ನಡುವೆ ತಿರುಗಿಸಿದ್ದರೆ ಅದರ ತುದಿಗಳು ಸುಟ್ಟಿರಬೇಕಿತ್ತು. ಅವು ಇಂದಿಗೂ ಹೊಳೆಯುತ್ತಿವೆ. ಕರಿ ಕಲೆ ಇರುವುದು ತಾಮ್ರದ ಸುರುಳಿಯ ಬಾಲದ ಪಕ್ಕ, ತಗಡಿನ ಮೇಲೆ. ಸುರುಳಿಗೆ ಇಪ್ಪತ್ತು ಸುತ್ತು. ಅಂದು ನಾನಿದ್ದ ಬ್ಯಾಂಡಿಗೆ ನಾಲ್ಕೇ ಸಾಕು. ಉಳಿದ ಹದಿನಾರನ್ನು ನೀವು ಹಾಗೇ ಬಿಟ್ಟಿದ್ದಿರಿ. ಬಳಸದಿದ್ದರೂ ಅವು ಸುಮ್ಮನಿರುವುದಿಲ್ಲ. ಬಾಲದ ಬಿಟ್ಟ ತುದಿಯಲ್ಲಿ ವೋಲ್ಟೇಜು ಏರಿ ಏರಿ ಹತ್ತಿರದ ತಗಡಿಗೆ ಹಾರುತ್ತದೆ. ಅಂದು ಆದದ್ದು ಅಷ್ಟೇ.

ಆಮೇಲೆ ನೀವು, ಮತ್ತೆ ಕಿಡಿ ಹಾರದಂತೆ, ಆ ಬಾಲವನ್ನು ಸ್ವಿಚ್ಚಿಗೆ ಸೇರಿಸಿ ಒಂದು ತಾಮ್ರದ ಪಟ್ಟಿ ಬೆಸೆದಿದ್ದೀರಿ. ಒಂದು ಸ್ಕ್ರೂ ಬದಲಿಸಿದರೂ ಮುಚ್ಚಳದೊಳಗೆ ಚೀಟಿ ಅಂಟಿಸುವವರು ನೀವು. ಇದಕ್ಕೂ ಅಂಟಿಸಿದ್ದೀರಿ: "ಬಳಸದ ಸುತ್ತು ಶಾರ್ಟ್ ಮಾಡಿದೆ. ತಪ್ಪು ನನ್ನದೇ." ಕೆಳಗೆ ತಾರೀಕು. ಆ ಭಾನುವಾರ ಕಳೆದು ಬಂದ ಬುಧವಾರ.

ಮೂರೇ ದಿನಕ್ಕೆ ನಿಮಗೆ ಗೊತ್ತಾಗಿತ್ತು. ಓದಿದಾಗ ಸಿಟ್ಟು ಬಂತು, ಒಂದಿಷ್ಟು ಅಳುವೂ ಬಂತು. ಅಂಗಡಿಯ ಬಾಗಿಲು ಹಾಕಿ, ಮುಖ ತೊಳೆದು, ಮತ್ತೆ ಓದಿದೆ. ಆಮೇಲೆ ಹೊಳೆಯಿತು: ಕಣ್ಣು ಮುಚ್ಚಿಕೊಂಡು ಫ್ಯಾನು ಬದಲಿಸುವ ನೀವು, ಈ ಮುಚ್ಚಳವನ್ನು ಯಾರಿಗೂ ಮುಟ್ಟಗೊಡದ ನೀವು, ಪೆಟ್ಟಿಗೆಯನ್ನು ನನಗೇ ಕಳಿಸಿದ್ದು ಫ್ಯಾನಿಗಾಗಿ ಅಲ್ಲ.

ಆದರೂ ಭಾವ, ಚೀಟಿ ಓದಿದ್ದು ನಾನೊಬ್ಬಳು. ದೂರು ಕೇಳಿದವರು ಹದಿನೇಳು ಮಂದಿ. ಬರುವ ಭಾನುವಾರ ಬೆಳಿಗ್ಗೆ ನಾನೂ ಸೆಟ್ಟು ಹಚ್ಚಿಕೊಂಡು ಕೂತಿರುತ್ತೇನೆ. ಚೀಟಿಯ ಕೊನೆಯ ಎರಡು ಪದ ಅಲ್ಲಿ ಹೇಳಿ, ನನ್ನನ್ನು ಕರೆಯಿರಿ. ಉತ್ತರ ಕೊಡುತ್ತೇನೆ. ಪೆಟ್ಟಿಗೆ ಅಲ್ಲಿಯವರೆಗೆ ಇಲ್ಲೇ ಇರುತ್ತದೆ. ಸಣ್ಣ ಸೆಟ್ಟಿನಲ್ಲೇ ಹೇಳಿದರಾಯಿತು. ಅಂದು ಎಲ್ಲರಿಗೂ ಚೆನ್ನಾಗಿಯೇ ಕೇಳಿಸಿತ್ತಲ್ಲ.

ಅಕ್ಕನಿಗೆ ನಾನು ಏನೂ ಹೇಳಿಲ್ಲ. ನಿಮ್ಮ ಆರೋಗ್ಯ ಚೆನ್ನಾಗಿರಲಿ, ಭಾನುವಾರಕ್ಕೆ ದನಿ ಗಟ್ಟಿಯಾಗಿರಲಿ.

ಇತಿ,
ಸದ್ಯಕ್ಕಿನ್ನೂ ಹೊಗೆರಾಣಿ