ಸರದಾರ ವೇರೂಳಿಗೆ ನಡೆದು ಬಂದದ್ದು

ವೇರೂಳ್, ಛತ್ರಪತಿ ಸಂಭಾಜಿನಗರ ಜಿಲ್ಲೆ
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಗೊಲ್ಲಾಳಪ್ಪ ಇಷ್ಟು ದೂರದಿಂದಲೇ ನಿನ್ನ ಪಾದ ಮುಟ್ಟುತ್ತಿದ್ದಾನೆ. ಸೊಂಟದ ನೋವು ಹೇಗಿದೆ? ವಿಜಯಪುರದ ಡಾಕ್ಟರು ಕೋಲು ಹಿಡಿದು ನಡೆ ಅಂದಿದ್ದರೆ ನಡೆ. ಕೋಲು ಹಿಡಿದರೆ ಮುದುಕಿ ಅಂದಾರು ಎಂಬ ಬಿಗುಮಾನ ಬೇಡ. ನಾಟಕದಲ್ಲಿ ಮಹಾರಾಜನೂ ಕೋಲು ಹಿಡಿಯುತ್ತಾನೆ, ಅದಕ್ಕೆ ಬಂಗಾರದ ಬಣ್ಣದ ಕಾಗದ ಸುತ್ತಿರುತ್ತದೆ, ಅಷ್ಟೇ ಫರಕು. ಗುಳಿಗೆ ತಪ್ಪಿಸಬೇಡ. ನಿನ್ನ ಮಗಳು ಅನುರಾಧಾ, ಮೊಮ್ಮಗಳು ರುಚಿತಾ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಈ ಕಾಗದವನ್ನು ನಿನಗೆ ಓದಿ ಹೇಳುವವಳು ರುಚಿತಾಳೇ ಆದ್ದರಿಂದ ಅವಳಿಗೂ ಒಂದು ಮಾತು: ಗೊಣಗಬೇಡ ಮಗಳೇ, ಗಂಟಲು ಬಿಚ್ಚಿ ಓದು. ಸಿಂದಗಿ ತಾಲೂಕಿನ ಊರೂರ ರಂಗದ ಮೇಲೆ, ಮೈಕು ಕೈಕೊಟ್ಟಾಗಲೂ, ಕಟ್ಟಕಡೆಯ ಸಾಲಿನ ಮುದುಕನಿಗೆ ಕೇಳುವಂತೆ ಮಾತಾಡಿದವನ ಕಾಗದ ಇದು.

ಅಕ್ಕಾ, ನೀನು ಫೋನಿನಲ್ಲಿ ಚನಬಸಪ್ಪನಿಗೆ ‘ಇನ್ನ ಮ್ಯಾಲೆ ನನಗ ಮಗ ಇಲ್ಲ’ ಅಂದು ಕಟ್ ಮಾಡಿದೆ. ಆಮೇಲೆ ನನ್ನ ಫೋನನ್ನೂ ಎತ್ತಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿಯುವುದಾದರೆ ಪೂರ್ತಿ ಕೇಳಿದ ಮೇಲೆ ಹರಿ. ನಿನ್ನ ಜೀವ ಯಾವ ಸುದ್ದಿಗಾಗಿ ಕಾದಿದೆಯೋ ಅದನ್ನು ಮೊದಲೇ ಹೇಳಿಬಿಡುತ್ತೇನೆ, ಪರದೆ ಎಳೆದು ಆಟ ಕಟ್ಟುವುದಿಲ್ಲ. ಸರದಾರ ಬದುಕಿದ್ದಾನೆ. ಭಾವ ಕರುವಿನಿಂದ ಸಾಕಿದ ಕೋಣ, ಭಾವ ತೀರಿಕೊಂಡ ಮೇಲೆ ನಾಸಿಕದ ಕೆಲಸದ ಜಾಗದಲ್ಲಿ ನಿನ್ನ ಜೊತೆ ನೀರಿನ ಬಂಡಿ ಎಳೆದ ಕೋಣ, ಈ ಹೊತ್ತು ನನ್ನ ಕಣ್ಣೆದುರಿಗೇ ಮಲಗಿ ಮೆಲುಕು ಹಾಕುತ್ತಿದೆ.

ಈಗ ನಡೆದದ್ದು ಕೇಳು. ನೀನು ಆಪರೇಶನ್ನಿಗೆ ಹೋದ ಮೇಲೆ ನಾಸಿಕದ ಕಟ್ಟಡ ಮುಗಿಯಿತು. ನಮ್ಮ ಗುಂಪನ್ನೆಲ್ಲ ಗುತ್ತಿಗೆದಾರ ಸಂಭಾಜಿನಗರದ ಹೊಸ ಕೆಲಸಕ್ಕೆ ಹೊರಡಿಸಿದ. ಲಾರಿಯಲ್ಲಿ ತಗಡು, ಪಾತ್ರೆ, ಮಕ್ಕಳು, ಮುದುಕರು ಎಲ್ಲರಿಗೂ ಜಾಗ ಇತ್ತು, ಕೋಣಕ್ಕೆ ಇರಲಿಲ್ಲ. ಹೊಸ ಜಾಗದಲ್ಲಿ ದನಕರು ಕಟ್ಟುವಂತೆಯೂ ಇಲ್ಲ. ನಾನು ಆಗ ಪಿಂಪಳಗಾಂವ್ ಬಸವಂತದಲ್ಲಿ ಒಂದು ಈರುಳ್ಳಿ ಗೋದಾಮಿನ ಗೋಡೆ ಕಟ್ಟುತ್ತಿದ್ದೆ. ತಿರುಗಿ ಬಂದು ನೋಡಿದರೆ ಗೂಟ ಖಾಲಿ. ಚನಬಸಪ್ಪ ತಗಡು ಬಿಚ್ಚುತ್ತಿದ್ದವನು ನನ್ನ ಮುಖ ನೋಡಲಿಲ್ಲ. ಕಟುಕರಿಗೆ ದನ ಮುಟ್ಟಿಸುವ ಮಹಿಬೂಬನಿಗೆ ಕೊಟ್ಟೆ ಅಂದ. ನಾನು ರಂಗದ ಮೇಲಿನ ದನಿಯಲ್ಲೇ ಅವನನ್ನು ಬೈದೆ, ಮೂರನೇ ಮಹಡಿಯ ಪ್ಲಾಸ್ಟರಿನವರು ಕೆಲಸ ನಿಲ್ಲಿಸಿ ಬಗ್ಗಿ ನೋಡಿದರು. ಅವನು ಎದುರು ಕೂಗಲಿಲ್ಲ. ‘ಅವ್ವ ಇದ್ದಿದ್ರ ಹಗ್ಗ ಬಿಡ್ತಿದ್ದಿಲ್ಲ, ಮಾವ. ಇಲ್ಲೇ ಬಿಟ್ಟು ಹೋಗಿದ್ರ ಹೈವೇದಾಗ ಲಾರಿ ಬಡೀತಿತ್ತು. ನೀ ಹೇಳು, ನಾ ಏನ ಮಾಡ್ಲಿ?’ ಅಂದ. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಮಹಿಬೂಬನ ಅಂಗಳದಲ್ಲಿ ಬೇರೆ ದನಗಳ ನಡುವೆ ಸರದಾರ ನಿಂತಿದ್ದ. ಕೊರಳಲ್ಲಿ ಭಾವ ಹೊಸೆದ ಹಗ್ಗವೇ ಇತ್ತು. ಅದನ್ನು ಕಂಡದ್ದೇ ನನ್ನ ಎದೆ ಹಿಗ್ಗಿತು. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ: ದನ ಮಾರಿದವನು ಹಗ್ಗ ಮಾರುವುದಿಲ್ಲ. ತನ್ನದನ್ನು ಬಿಚ್ಚಿಕೊಳ್ಳುತ್ತಾನೆ, ಕೊಂಡವನು ತಾನು ತಂದದ್ದನ್ನು ಹಾಕುತ್ತಾನೆ, ಆಮೇಲೆಯೇ ವ್ಯಾಪಾರ. ನಿನ್ನ ಮಗನಿಗೆ ಅಪ್ಪ ಹಾಕಿದ ಗಂಟಿಗೆ ಕೈ ಹಾಕುವ ಧೈರ್ಯ ಬಂದಿರಲಿಲ್ಲ. ನಾನು ಅಂಗಳದ ನಡುವೆ ನಿಂತು, ಹಗ್ಗ ಬದಲಾಗಿಲ್ಲ, ವ್ಯಾಪಾರ ಮುಗಿದಿಲ್ಲ, ಎಂದು ಸಾರಿದೆ. ನಾಸಿಕದ ವ್ಯಾಪಾರಿಯಾಗಿದ್ದರೆ ನಕ್ಕು ಕಳಿಸುತ್ತಿದ್ದ. ಆದರೆ ಮಹಿಬೂಬ ಅಫಜಲಪುರದ ಕಡೆಯವನು. ಹಗ್ಗ ನೋಡಿದ, ನನ್ನನ್ನು ನೋಡಿದ, ಹೌದು ಅಂದ. ಕೊಟ್ಟ ದುಡ್ಡನ್ನು ವಾಪಸು ತೆಗೆದುಕೊಳ್ಳಲೂ ಒಪ್ಪಿದ. ಆಮೇಲೆ ಮೆಲ್ಲಗೆ ಅವನು ಆಡಿದ ಮಾತು ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ. ‘ಒಯ್ಯೂದು ಸಸಾರ ಐತ್ರಿ ಕಾಕಾ. ನಾಳಿಗಿ ಇದರ ಮುಂದ ಮೇವು ಯಾರ ಹಾಕ್ತಾರ, ಅದನ್ನ ಹೇಳ್ರಿ.’

ನಾನು ಎದೆ ತಟ್ಟಿ ಗೋಶಾಲೆ ಇದೆ ಅಂದೆ. ದಿಂಡೋರಿ ರಸ್ತೆಯಲ್ಲಿ ಒಂದಿದೆ, ದ್ರಾಕ್ಷಿ ತೋಟಗಳ ನಡುವೆ, ಒಳ್ಳೆಯ ನೆರಳು, ಒಳ್ಳೆಯ ಜನ. ಅಲ್ಲಿನ ಹಿರಿಯರು ನನಗೆ ಚಹಾ ಕೊಟ್ಟರು, ಕೂರಿಸಿದರು, ಆಮೇಲೆ ಮರಾಠಿಯಲ್ಲಿ, ‘ಗಾಯ್ ಅಸೇಲ್ ತರ ಆಣಾ ಬಾಬಾ, ರೇಡಾ ನಕೋ’ ಅಂದರು. ಆಕಳಿದ್ದರೆ ತಾ, ಕೋಣ ಬೇಡ. ಇನ್ನೊಂದು ಕಡೆ ಗೇಟಿನಲ್ಲೇ ಅದೇ ಮಾತು. ತಿರುಗಿ ಬಂದು ಮಹಿಬೂಬನಿಗೆ ಹೇಳಿದರೆ ಅವನು ನಗಲಿಲ್ಲ. ‘ಕೋಣಗ ಯಾರೂ ಅವ್ವಾ ಅನ್ನಂಗಿಲ್ರಿ ಕಾಕಾ’ ಅಂದ. ಒಂದು ಸಿವುಡು ಮೇವು ಕಟ್ಟಿ ನನ್ನ ಹೆಗಲಿಗೆ ಹಾಕಿದ. ಅಷ್ಟರಲ್ಲಿ ಲಾರಿ ಹೋಗಿಬಿಟ್ಟಿತ್ತು, ಚನಬಸಪ್ಪನೂ ಅದರಲ್ಲೇ. ನಾನು ಹಗ್ಗ ಹಿಡಿದು ಸಂಭಾಜಿನಗರದ ದಾರಿ ಹಿಡಿದೆ. ಅಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ, ನಮ್ಮವರು ಇದ್ದಾರೆ ಎಂಬುದಷ್ಟೇ ಗೊತ್ತಿತ್ತು.

ಎಷ್ಟೋ ಸಲ ಯಮನ ಪಾತ್ರ ಕಟ್ಟಿದ್ದೇನೆ ಅಕ್ಕಾ, ನೀನೇ ನನ್ನ ಮೀಸೆಗೆ ಮಸಿ ತೀಡುತ್ತಿದ್ದೆ. ಒಂದು ಸಲವೂ ನನಗೆ ನಿಜವಾದ ಕೋಣ ಕೊಡಲಿಲ್ಲ, ರಟ್ಟಿನದೇ ಗತಿ. ಈ ವಯಸ್ಸಿಗೆ ನಿಜವಾದದ್ದು ಸಿಕ್ಕಿತು, ನೋಡಿದರೆ ನಾನು ಅದನ್ನು ಯಮನಿಂದಲೇ ತಪ್ಪಿಸಿಕೊಂಡು ಓಡುತ್ತಿದ್ದೆ. ಓಡುವುದೆಂದರೆ ಸರದಾರನ ಓಟ. ಕಾಲುವೆ ಕಂಡಲ್ಲಿ ಇಳಿಯುತ್ತಿದ್ದ, ಮತ್ತೆ ಮೇಲೆ ಬರಲು ಅವನಿಗೇ ಮನಸ್ಸಾಗಬೇಕು. ನಿಫಾಡ ದಾಟಿದ ಮೇಲೆ ಮೋಟಾರ್‌ಸೈಕಲ್ಲಿನ ಹುಡುಗರು ಅಡ್ಡ ಹಾಕಿ, ಕಡಿಯಲು ಒಯ್ಯುತ್ತಿದ್ದೀಯಾ ಎಂದು ಕೇಳಿದರು. ಉಳಿಸಲು ಒಯ್ಯುತ್ತಿದ್ದೇನೆ ಅಂದೆ. ಎಲ್ಲಿಗೆ ಅಂದರು. ಎಲ್ಲಿಗೆ? ಹಿಡಿದ ಹಗ್ಗದ ಈ ತುದಿ ನನ್ನ ಕೈಯಲ್ಲಿತ್ತು, ಆದರೆ ಆ ಪ್ರಾಣಿಯನ್ನು ನಾನು ಉಳಿಸುತ್ತಿದ್ದೇನೋ, ಸುಮ್ಮನೆ ನಡೆಸಿ ನಡೆಸಿ ಕೊಲ್ಲುತ್ತಿದ್ದೇನೋ ನನಗೇ ತಿಳಿಯದಾಯಿತು. ಅವರು ಆಕಳಲ್ಲ, ಕೋಣವೆಂದು ನೋಡಿ ಬಿಟ್ಟು ಹೋದರು. ಯೇವಲಾ ಮುಟ್ಟುವಷ್ಟರಲ್ಲಿ ನನ್ನ ಕಾಲು ಬಾತು ಕಂಬವಾಗಿತ್ತು. ಬೇವಿನ ಗಿಡದ ಕೆಳಗೆ ಕೂತವನಿಗೆ ಮತ್ತೆ ಏಳಲಾಗಲಿಲ್ಲ.

ಅಲ್ಲಿಗೆ ಬಂದ ಅಕ್ಕಾ, ನಿನ್ನ ಮಗ. ಹಿಂದಿನ ದಿನ ಫೋನಿನಲ್ಲಿ ಎಲ್ಲಿದ್ದೀ ಎಂದಷ್ಟೇ ಕೇಳಿ ಇಟ್ಟಿದ್ದ. ಬಸ್ಸಿನಿಂದ ಇಳಿದವನು ಮೊದಲು ಸರದಾರನ ಗೊರಸು ಎತ್ತಿ ನೋಡಿದ, ಆಮೇಲೆ ನನ್ನ ಕಾಲು. ಚೀಲದಲ್ಲಿ ಹಿಂಡಿ ತಂದಿದ್ದ. ಅದು ತಿಂದು ಮುಗಿಸುವ ತನಕ ಕೋಡಿನ ನಡುವೆ ಕೈ ಇಟ್ಟುಕೊಂಡೇ ನಿಂತ. ‘ಜಾಗಾ ಸಿಕ್ಕೈತಿ, ಮಾವ’ ಅಂದು ನನ್ನ ಕೈಯಿಂದ ಹಗ್ಗ ತೆಗೆದುಕೊಂಡ. ಹೊಸ ಜಾಗಕ್ಕೆ ಹಾಲು ಹಾಕಲು ಬರುವವರನ್ನೆಲ್ಲ ಕೋಣಕ್ಕೊಂದು ಆಸರೆ ತೋರಿಸಿ ಎಂದು ತನ್ನ ಮುರುಕು ಮರಾಠಿಯಲ್ಲಿ ಬೇಡಿಕೊಂಡಿದ್ದನಂತೆ, ಅವರಲ್ಲೊಬ್ಬ ವೇರೂಳಿನ ಈ ಮನೆ ಹೇಳಿದನಂತೆ. ಕೆಲಸ ಬಿಟ್ಟು ಬಂದದ್ದಕ್ಕೆ ಗುತ್ತಿಗೆದಾರ, ತಿರುಗಿ ಬರಬೇಡ, ಅಂದಿದ್ದಾನೆ. ನನ್ನನ್ನು ಬಸ್ಸಿಗೆ ಹತ್ತಿಸಿದ. ವೈಜಾಪುರದ ಮೇಲೆ ಹಾಯ್ದು ವೇರೂಳಿನ ತನಕ ಸರದಾರನನ್ನು ನಡೆಸಿಕೊಂಡು ಬಂದವನು ಅವನೇ. ‘ಅವ್ವಗ ಇದನ್ನ ಬರೀಬ್ಯಾಡ. ಮಾರಿದಾಂವ ನಾನ ಅಲ್ಲೇನು?’ ಅಂದಿದ್ದ. ನಾನು ಬರೆಯುತ್ತಿದ್ದೇನೆ. ನನ್ನ ಹೊಟ್ಟೆಯಲ್ಲಿ ಯಾವ ಮಾತು ಯಾವಾಗ ಉಳಿದಿದೆ ಹೇಳು.

ಜಾಗ ಕೊಟ್ಟಾಕೆಯ ಹೆಸರು ಕಮಲಾಬಾಯಿ. ಘೃಷ್ಣೇಶ್ವರ ಗುಡಿಯ ಹೊರಗೆ ಬಿಲ್ವಪತ್ರೆ ಮಾರುವ ಮುದುಕಿ, ಕೊರಳಲ್ಲಿ ತುಳಸಿಮಣಿ. ಗುಡ್ಡದ ಕೆಳಗೆ ತುಂಡು ಹೊಲ, ಹಾಲು ಕರೆಯುವ ಎಮ್ಮೆಗಳು, ಒಂದು ಹೊಂಡ. ನಾನು ನಮಸ್ಕಾರ ಮಾಡಿ ದೊಡ್ಡ ಭಾಷಣ ಸುರುಮಾಡಿದೆ, ಆಕೆ ಕೈಯೆತ್ತಿ ನಿಲ್ಲಿಸಿದಳು. ತನ್ನ ಮರಾಠಿಯಲ್ಲಿ ಹೇಳಿದ್ದಿಷ್ಟು: ನಮ್ಮ ಪೈಠಣದಲ್ಲಿ ಜ್ಞಾನೇಶ್ವರ ಮಹಾರಾಜರು ಕೋಣದ ಬಾಯಲ್ಲಿ ವೇದ ನುಡಿಸಿದರು. ಆ ಜಾತಿಯ ಜೀವ ಬಾಗಿಲಿಗೆ ಬಂದಾಗ ಬೇಡ ಅಂದರೆ ನಾನು ಈ ಮಣಿ ಬಿಚ್ಚಿಡಬೇಕು. ನನಗೆ ವೇದ ಬರುವುದಿಲ್ಲ, ಹುಲ್ಲು ಹಾಕುತ್ತೇನೆ. ಆದರೆ ಒಂದು ಮಾತು. ಇಲ್ಲಿ ಅವನ ಹೆಗಲಿಗೆ ನೊಗ ಬೀಳುವುದಿಲ್ಲ. ನೀವೂ ಮುಂದೊಂದು ದಿನ ಬಂದು ವಾಪಸು ಕೇಳಬಾರದು.

ಚನಬಸಪ್ಪ ಆಗ ಅಪ್ಪನ ಹಗ್ಗ ಬಿಚ್ಚಿದ. ಧೂಳು, ಬೆವರು ಕುಡಿದು ಗಂಟು ಕಲ್ಲಾಗಿತ್ತು, ಬೆರಳಿಗೆ ಬಗ್ಗಲಿಲ್ಲ. ಕೊನೆಗೆ ಹಲ್ಲು ಹಚ್ಚಿದ. ಮುಖ ಕೋಣದ ಕೊರಳಿಗೆ ಒತ್ತಿ ಬಹಳ ಹೊತ್ತು ಹಾಗೇ ಇದ್ದ, ಗಂಟು ಸಡಿಲಾದ ಮೇಲೂ. ಕಮಲಾಬಾಯಿ ತನ್ನ ಹಗ್ಗ ಹಿಡಿದು, ಆಚೆ ಮುಖ ಮಾಡಿ ಕಾದಳು. ನಾನೂ ಗುಡ್ಡ ನೋಡುತ್ತ ನಿಂತೆ.

ಇನ್ನು ಸರದಾರ ನಮ್ಮವನಲ್ಲ ಅಕ್ಕಾ. ನಿನ್ನನ್ನು ಕೇಳದೆ ನಿನ್ನ ಪರವಾಗಿ ನಾನು ಮಾತು ಕೊಟ್ಟಿದ್ದೇನೆ. ಸಿಟ್ಟು ಮಾಡುವುದಾದರೆ ನನ್ನ ಮೇಲೆ ಮಾಡು, ನನ್ನ ಬೆನ್ನು ಅಗಲವಾಗಿದೆ. ನೋಡಲು ಬರುವುದಕ್ಕೆ ಆಕೆಯ ಅಡ್ಡಿ ಇಲ್ಲ.

ಅನುರಾಧಾಳಿಗೂ ಅಳಿಯಂದಿರಿಗೂ ನನ್ನ ಶರಣು ತಿಳಿಸು. ಗಂಟಲು ಒಣಗುವ ತನಕ ಓದಿದ ರುಚಿತಾಳಿಗೆ ಆಶೀರ್ವಾದ, ಒಂದು ಲೋಟ ನೀರು ಕೊಡಿ. ಶರಣಬಸವೇಶ್ವರ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ತಮ್ಮ,
ಗೊಲ್ಲಾಳಪ್ಪ

ತಾ.ಕ.: ಅಂಚೆಯವರು ಬಾಗಿಲು ಹಾಕುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಮಾವಾಸ್ಯೆ ಕಳೆದ ಮೇಲೆ ಚನಬಸಪ್ಪ ನಿನ್ನನ್ನು ಇಲ್ಲಿಗೆ ಕರೆತರಲು ವಿಜಯಪುರಕ್ಕೆ ಬರುತ್ತಾನೆ. ಹೊರಗೇ ನಿಲ್ಲುತ್ತಾನೆ, ನೀನು ಕರೆಯದೆ ಹೊಸ್ತಿಲು ದಾಟುವುದಿಲ್ಲ. ನಿನ್ನ ಫೋನು ಕಟ್ಟಾದ ದಿನದಿಂದ ಅವನು ನಮ್ಮ ಯಾರ ಜೊತೆಗೂ ಕೂತು ರೊಟ್ಟಿ ಮುರಿದಿಲ್ಲ. ಕೋಣದ ಸುದ್ದಿ ಆಮೇಲಿರಲಿ. ಮೊದಲು, ಉಂಡಿಯೇನಪಾ ಅಂತ ಕೇಳು.