ಬಿಳಿ ಬಿಟ್ಟು ಯಾವುದಾದರೂ

ಅಕ್ಟೋಬರ್ 14, ಸೋಮವಾರ

ಪ್ರೀತಿಯ ಅಪ್ಪಾ,

ನನಗೆ ಒಂದು ಇಡೀ ಹೂಪಾತಿ ಸಿಕ್ಕಿದೆ, ಮೂವತ್ತು ಹೆಜ್ಜೆ ಉದ್ದದ್ದು, ನನ್ನದೇ ನನ್ನದು, ಅದೂ ನಮ್ಮತ್ತೆಯ ಕೈಯಿಂದ! ಹೇಗಿದ್ದೀಯಾ ಎಂದು ಮೊದಲು ಕೇಳಬೇಕಿತ್ತು, ಗೊತ್ತು. ಹೇಗಿದ್ದೀಯಾ? ಮದುವೆಯಾಗಿ ನಾಲ್ಕು ತಿಂಗಳಾದರೂ ಒಂದು ಕಾಗದ ಹಾಕಲಿಲ್ಲ, ಬೈಯಬೇಡ. ಫೋನಿನಲ್ಲಿ ಮಾತಾಡಿದರಾಯಿತು ಎಂದುಕೊಂಡಿದ್ದೆ. ಆದರೆ ಫೋನಿನಲ್ಲಿ ನೀನು "ಹ್ಞೂಂ, ಚೆನ್ನಾಗಿದ್ದೀಯಲ್ಲ, ಇಡ್ಲಾ?" ಎನ್ನುತ್ತೀಯ. ಮನೆಗೆ ಬರಲಾ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ನಿನ್ನ ಉತ್ತರ "ನೋಡೋಣ". ಮದುವೆಯ ದಿನ ತಲೆನೋವು ಎಂದು ಊಟಕ್ಕೂ ಕೂರದೆ ಹೊರಟುಹೋದೆಯಲ್ಲ, ಅವತ್ತಿನಿಂದ ಹೀಗೆ. ಮದುವೆ ಫೋಟೊಗಳ ಲಕೋಟೆ ನಿನ್ನ ಕನ್ನಡಕದಂಗಡಿಯಲ್ಲಿ ಒಡೆಯದೆ ಬಿದ್ದಿದೆಯಂತೆ, ಚಿಕ್ಕಮ್ಮ ಹೇಳಿದರು. ಅದಕ್ಕೇ ಈ ಕಾಗದ. ಕಾಗುಣಿತ ತಪ್ಪಿದ್ದರೆ ಅರ್ಧ ತಪ್ಪು ನಿನ್ನದು, ಇಂಗ್ಲಿಷ್ ಶಾಲೆಗೆ ಹಾಕಿದವನು ನೀನೇ.

ಮೊದಲು ಪಾತಿಯ ಕಥೆ ಕೇಳು. ಇಲ್ಲಿ ಬೆಳೆಯುವುದು ಬರೀ ಸೇವಂತಿಗೆ, ಪ್ಲಾಸ್ಟಿಕ್ ಹೊದಿಸಿದ ಆರು ಹೂಮನೆಗಳ ತುಂಬ. ರಾತ್ರಿ ಉದ್ದವಾದರೆ ಮಾತ್ರ ಸೇವಂತಿಗೆ ಮೊಗ್ಗು ಕಟ್ಟುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹಗಲು ಉದ್ದವಿರುವ ಕಾಲದಲ್ಲಿ ಸಂಜೆ ಐದಕ್ಕೇ ಗಿಡಗಳ ಸುತ್ತ ಕಪ್ಪು ಪರದೆ ಎಳೆದುಬಿಡುತ್ತಾರೆ. ಗಿಡ ಅದನ್ನೇ ರಾತ್ರಿ ಎಂದು ನಂಬಿ ಹೂ ಬಿಡುತ್ತದೆ! ಪಾಪ ಅಲ್ಲವಾ ಎಂದು ನಿನ್ನ ಅಳಿಯನಿಗೆ ಹೇಳಿದರೆ, "ನಿನ್ನನ್ನೂ ಹಂಗೇ ನಂಬಿಸಿ ಮದುವೆ ಆಗಿದ್ದು" ಎಂದು ಹಲ್ಲು ಕಿರಿಯುತ್ತಾರೆ.

ಆಗಸ್ಟಿನಲ್ಲಿ ನನಗೆ ಮೊಗ್ಗು ಚಿವುಟುವ ಕೆಲಸ ಕೊಟ್ಟರು. ಗೊಂಚಲು ಹೂವಿನ ಗಿಡದಲ್ಲಿ ತುದಿಯ ಮೊಗ್ಗು ತೆಗೆದು ಪಕ್ಕದವನ್ನು ಬಿಡಬೇಕು. ದೊಡ್ಡ ಹೂವಿನ ಗಿಡದಲ್ಲಿ ಪಕ್ಕದವನ್ನೆಲ್ಲ ತೆಗೆದು ತುದಿಯದೊಂದನ್ನೇ ಬಿಡಬೇಕು, ಆಗ ಅದು ತಟ್ಟೆಯಗಲ ಅರಳುತ್ತದೆ. ಮೊದಲ ವಾರ ಗೊಂಚಲಿನಲ್ಲಿ ನನ್ನ ಕೈ ಪಳಗಿತು. ಎರಡನೆಯ ವಾರ ದೊಡ್ಡ ಹೂವಿನ ಪಾತಿಗೆ ಕಳಿಸಿದರು. ಪಕ್ಕದ ಸಾಲಿನ ಹೆಂಗಸಿಗೆ ನಮ್ಮ ಕಾಲೇಜು ಪ್ರವಾಸದ ಕಥೆ ಹೇಳುತ್ತಾ, ಪಳಗಿದ ಕೈಯಲ್ಲಿ ಇನ್ನೂರು ಗಿಡಗಳ ತುದಿ ತೆಗೆದುಬಿಟ್ಟೆ!

ಅತ್ತೆ ಬಂದವರು ಸಾಲಿನ ಉದ್ದಕ್ಕೂ ಕಣ್ಣಾಡಿಸಿದರು.

"ಕಥೆ ಮುಗೀತಾ?"

"ಇನ್ನೂ ಬಸ್ಸೇ ಹತ್ತಿಲ್ಲ ಅತ್ತೆ," ಎಂದೆ.

"ಬಾಯಿ ಕೆಲಸ ಮಾಡುವಾಗ ಕೈಗೆ ರಜಾ ಕೊಡಮ್ಮಾ."

ಮಾವ ಹಿಂದಿನಿಂದ, "ಬಿಡೇ, ಪಾಪ. ನೀನು ಬಂದ ವರ್ಷ ವಾರಗಟ್ಟಲೆ ಪರದೆ ಎಳೆಯೋದನ್ನೇ ಮರೆತಿದ್ದೆ. ಹೂವು ಯಾವಾಗ ಬಿಡ್ತು ಅಂತ ಸೊಸೆಗೆ ಹೇಳ್ಲಾ?" ಎಂದರು.

"ನಿಮ್ಮನ್ನ ಯಾರು ಕೇಳಿದ್ರು ಈಗ?"

ಆ ಇನ್ನೂರು ಗಿಡಗಳು ಹೋದ ವಾರ ಅರಳಿದವು. ತಟ್ಟೆಯಗಲದ ಒಂದರ ಬದಲು ಬಟ್ಟಲಗಲದ ಏಳೆಂಟು, ಒಂದು ಅತ್ತ ನೋಡಿದರೆ ಒಂದು ಇತ್ತ. ನನಗಂತೂ ಬಲು ಚೆಂದ ಕಂಡಿತು. ಇವತ್ತು ಬೆಳಿಗ್ಗೆ ಅತ್ತೆ ನನ್ನನ್ನು ಕೊನೆಯ ಹೂಮನೆಗೆ ಕರೆದೊಯ್ದು ಒಂದು ಖಾಲಿ ಪಾತಿ ತೋರಿಸಿದರು. "ಇನ್ಮೇಲೆ ತಪ್ಪು ಮಾಡೋದಿದ್ರೆ ಇಲ್ಲಿ ಮಾಡ್ಕೋ. ಇದು ನಿಂದು. ಯಾವ ಬಣ್ಣ ಹಾಕ್ತೀಯ?"

"ಬಿಳಿ ಬಿಟ್ಟು ಯಾವುದಾದ್ರೂ," ಎಂದುಬಿಟ್ಟೆ.

"ಯಾಕೆ? ಬಿಳಿಗೇನಾಗಿದೆ?"

ತಪ್ಪಿಸಿಕೊಳ್ಳಲು ಆಗಲಿಲ್ಲ ಅಪ್ಪಾ. ಹೇಳಿದೆ. ನಮ್ಮೂರಲ್ಲಿ ಬಿಳಿ ಸೇವಂತಿಗೆ ಹೋಗುವುದು ಸಾವಿನ ಮನೆಗೆ ಮಾತ್ರ ಎಂದು, ಅಮ್ಮನಿಗೆ ಹೊದಿಸಿದ್ದು ಅದನ್ನೇ ಎಂದು, ಅಂದಿನಿಂದ ನೀನು ಹೂವಿನ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಅಂಗಡಿಗೆ ಹೋಗುತ್ತೀಯ ಎಂದು. ಮದುವೆಯ ದಿನ ನನ್ನ ಕೈಯಲ್ಲಿ ಅದೇ ಬಿಳಿ ಹೂವಿನ ಗುಚ್ಛ ಕಂಡದ್ದರಿಂದಲೇ ನೀನು ಎದ್ದು ಹೋಗಿರಬೇಕು ಎಂದು.

ಅತ್ತೆ ಅಲ್ಲೇ ಬೋರಲು ಹಾಕಿದ್ದ ಕ್ರೇಟಿನ ಮೇಲೆ ಕೂತರು. ಬೀಗರು ತಮ್ಮ ಊಟವನ್ನು ಕೀಳು ಮಾಡಿ ಎದ್ದುಹೋದರು ಎಂದೇ ಅವರು ಇಷ್ಟು ದಿನ ನೊಂದುಕೊಂಡಿದ್ದರಂತೆ. "ಕನ್ನಡಕದವರ ಕಣ್ಣಿಗೆ ಹೂವಿನವರು ಎಲ್ಲಿ ಕಾಣ್ತಾರೆ?" ಎಂದು ನೆಂಟರು ಚುಚ್ಚಿದ್ದರಂತೆ.

"ಆ ಗುಚ್ಛ ಕಟ್ಟಿದ್ದು ನಾನೇ ಕಣೇ," ಎಂದರು. "ನಮ್ಮಲ್ಲಿ ಮದುಮಗಳಿಗೆ ಬಿಳೀದೇ. ಕೊಯ್ದು ನೀರಲ್ಲಿಟ್ರೂ ಮೂರು ವಾರ ಬಾಡಲ್ಲ, ಸಂಸಾರ ಹಂಗಿರಲಿ ಅಂತ. ಯಾರಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಅಮ್ಮ ಹೋದಾಗ ನನಗೆ ಐದೇ ವರ್ಷ ಅತ್ತೆ. ಗಡಿಬಿಡಿಯಲ್ಲಿ ನನಗೆ ಹೊಳೀಲೇ ಇಲ್ಲ," ಎಂದೆ.

"ನಾನೇ ಬರೀತೀನಿ ನಿಮ್ಮಪ್ಪನಿಗೆ. ಪೆನ್ನು ಕೊಡು."

"ಬೇಡ ಅತ್ತೆ, ಬರೀಬೇಕಾದವಳು ನಾನು."

ಮಧ್ಯಾಹ್ನವೆಲ್ಲ ಇದನ್ನೇ ಯೋಚಿಸುತ್ತಾ ನನ್ನ ಪಾತಿ ಕೆದಕಿದೆ. ಬೇಗ ಬಾಡುವುದಿಲ್ಲ ಎಂದು ಇವರು ಅದನ್ನು ಹೊಸಬರನ್ನು ಬರಮಾಡಿಕೊಳ್ಳಲು ಕೊಡುತ್ತಾರೆ. ಬೇಗ ಬಾಡುವುದಿಲ್ಲ ಎಂದೇ ನಮ್ಮವರು ಹೋಗುವವರ ಜೊತೆ ಕಳಿಸುತ್ತಾರೋ ಏನೋ. ಹೂವಿಗೆ ಇದ್ಯಾವುದೂ ಗೊತ್ತಿಲ್ಲ. ಅತ್ತೆಯದು ಪ್ರೀತಿಯೇ, ನಿನ್ನದು ನೋವೇ. ನಡುವೆ ಇದ್ದವಳು ನಾನೊಬ್ಬಳು, ಎರಡೂ ಮನೆಯ ವಿಷಯ ಬಲ್ಲವಳು.

ಕತ್ತಲಾಗುವ ಮೊದಲು ಇದನ್ನು ಅಂಚೆಗೆ ಹಾಕಬೇಕು. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗು. ಬೇರೆಯವರ ಕಣ್ಣು ಪರೀಕ್ಷಿಸುತ್ತಾ ನಿನ್ನ ಕಣ್ಣು ಮರೆಯಬೇಡ. ನೀನು ಆರೋಗ್ಯವಾಗಿ, ಗಟ್ಟಿಯಾಗಿ ಇರು, ನನಗೆ ಅದೇ ಆಶೀರ್ವಾದ. ಅತ್ತೆ, ಮಾವ, ನಿನ್ನ ಅಳಿಯ ಎಲ್ಲರೂ ನಿನಗೆ ನಮಸ್ಕಾರ ಹೇಳಿದ್ದಾರೆ.

ನಿನ್ನ
ಚೋಟು

ತಾ.ಕ.: ಅಪ್ಪಾ, ಅತ್ತೆಗೆ ಹೇಳಿದ್ದು ಸುಳ್ಳು. ನನಗೆ ಹೊಳೆದಿತ್ತು. ಅಮ್ಮನ ಗದ್ದದವರೆಗೂ ಬಿಳಿ ಹೂವು ಇದ್ದದ್ದು, ಅಮ್ಮನಿಗೆ ಚಳಿಯಾ ಎಂದು ನಾನು ಕೇಳಿದ್ದು, ನೀನು ನನ್ನನ್ನು ಎತ್ತಿಕೊಂಡು ಹೊರಗೆ ಹೋದದ್ದು, ಎಲ್ಲ ನೆನಪಿದೆ. ಮದುವೆಯ ಬೆಳಿಗ್ಗೆ ಆ ಗುಚ್ಛ ಕೈಗೆ ಬಂದಾಗ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅತ್ತೆ ಆ ಕ್ಷಣವೇ ಬದಲಾಯಿಸುತ್ತಿದ್ದರು. ಹೊಸ ಮನೆಯವರು ಮೊದಲ ದಿನವೇ ಇವಳದು ಹಟ ಎಂದುಕೊಂಡಾರು ಎಂದು ಸುಮ್ಮನಾದೆ. ನೀನು ಗುಚ್ಛ ನೋಡಿದ್ದನ್ನು ನಾನು ನೋಡಿದೆ. ನೀನು ಯಾಕೆ ಹೋದೆ ಎಂದು ಗೊತ್ತಿದ್ದೂ ಫೋಟೊಗೆ ನಗುತ್ತಾ ನಿಂತೆ. ಮಾರನೆಯ ದಿನ ಫೋನು ಮಾಡಿ, ತಲೆನೋವು ಹೇಗಿದೆ ಎಂದು ಕೇಳಿದೆ. ಹೂವಿಗಿಂತ ಆ ಪ್ರಶ್ನೆಯೇ ನಿನ್ನನ್ನು ಹೆಚ್ಚು ನೋಯಿಸಿರಬೇಕು. ನೀನು ಕರೆಯಲಿ ಎಂದು ಕಾಯುವ ಹಕ್ಕು ನನಗಿಲ್ಲ, ಟಿಕೆಟ್ ತೆಗೆಸಿಯಾಗಿದೆ. ಒಬ್ಬಳೇ ಬರುತ್ತೇನೆ. ಬೈಯುವುದನ್ನೆಲ್ಲ ಎದುರಿಗೇ ಬೈಯಿ. ಇದೇ ಶನಿವಾರ, ಸಂಜೆ ನಾಲ್ಕೂ ಇಪ್ಪತ್ತಕ್ಕೆ ನಮ್ಮೂರಿಗೆ ಬರುವ ರೈಲು.