ಅಪ್ಪನ ಬಂದೂಕು

ಉಡುಮಲೈಪೇಟೆ
5-3-1984

ತಮ್ಮ ಮಾಯಣ್ಣನಿಗೆ,

ಇವತ್ತು ಬೆಳಿಗ್ಗೆ ಅಪ್ಪ ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಯನ್ನು ನಾನೆಂದುಕೊಂಡು, "ಯಾಕಮ್ಮಾ, ಕೂಗಿದ್ರೆ ತಿರುಗಿ ನೋಡಕ್ಕಾಗಲ್ವಾ?" ಎಂದು ಗದರಿದರು. ನಾನು ಅಡಿಗೆಮನೆಯಲ್ಲಿದ್ದೆ.

ಪಕ್ಕದ ತೋಟದ ಮನೆಯಲ್ಲಿ ದರೋಡೆಯಾದ ಮೇಲೆ ಅವರು ಬಂದೂಕಿಗೆ ಲೈಸೆನ್ಸ್ ಮಾಡಿಸಿದ್ದಾರೆ. ಶುಕ್ರವಾರ ಕೊಯಮತ್ತೂರಿನ ಅಂಗಡಿಗೆ ಹೋಗಿ ಬಂದೂಕು ಆರಿಸಿ ಕೊಳ್ಳುತ್ತಾರಂತೆ. "ಎರಡು ನಳಿಗೆಯದೇ ಬೇಕು. ಒಂದು ಗುಂಡು ತಪ್ಪಿದ್ರೆ ಇನ್ನೊಂದು" ಎನ್ನುತ್ತಾರೆ. ಕಣ್ಣಾಸ್ಪತ್ರೆಯ ಮಾತೆತ್ತಿದರೆ ಊಟ ಬಿಟ್ಟು ಏಳುತ್ತಾರೆ.

ನೀನು ಸೂಲೂರಿನ ಮಿಲ್ಲಿನಿಂದ ರಜೆಗೆ ಬರುವಾಗ ಕೊನೆಯ ಬಸ್ಸಿಳಿದು, ಯಾರನ್ನೂ ಎಬ್ಬಿಸದೆ ಹಿತ್ತಲಿಂದ ಒಳಗೆ ಬರುತ್ತೀಯ. ಇನ್ನು ಮೇಲೆ ಹಗಲಲ್ಲೇ ಬಾ.

ಶುಕ್ರವಾರ ನಾನೂ ಜೊತೆಗೆ ಹೋಗುತ್ತೇನೆ. ಹೊಸಬರೆದುರು ನನಗೆ ಮಾತೇ ಹೊರಡುವುದಿಲ್ಲ, ನಿನಗೆ ಗೊತ್ತು. ಅಪ್ಪ ಆಮೇಲೆ ನನ್ನೊಡನೆ ಮಾತು ಬಿಟ್ಟರೂ ಸರಿ, ಅವರ ಎದುರಲ್ಲೇ ಅಂಗಡಿಯವರಿಗೆ ಹೇಳುತ್ತೇನೆ, ಇವರಿಗೆ ಕಣ್ಣು ಕಾಣಿಸುವುದಿಲ್ಲವೆಂದು.

ನಿನ್ನ ಅಕ್ಕ,
ಮಲ್ಲಿಗಾ